ಪೇಂಟ್ ಇನ್ನೂ ಒಣಗಿಲ್ಲ

ನಮ್ಮ ಯಜಮಾನರು ಸುಳ್ಳು ಹೇಳುವುದಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಬಸವನಗುಡಿಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ರಾಘವ ಸಾರ್. ಯಾರ ಹತ್ತಿರವೂ ದನಿ ಎತ್ತಿ ಮಾತಾಡಿದವರಲ್ಲ. ಈ ಸಲ ಚಳಿಯಲ್ಲಿ ಕೆಳಗಿನ ಮನೆಯ ಒಳಗೋಡೆಗಳಿಗೆ ಬಣ್ಣ ಹೊಡೆಸಿದೆವಲ್ಲ, ಆಗ ನೋಡಿದೆ, ಸುಳ್ಳು ಹೇಳದ ಮನುಷ್ಯನೊಬ್ಬ ಎಂಥ ಕೆಲಸ ಮಾಡಬಲ್ಲ ಅಂತ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮನೆ ನಮ್ಮಪ್ಪ ಕಟ್ಟಿಸಿದ್ದು, ನನ್ನ ಹೆಸರಿಗೆ ಬರೆದದ್ದು. ಗೇಟಿನ ಮೇಲಿನ ಹೆಸರು ಮಾತ್ರ ಇವರದು. ನಾವು ಮೇಲೆ ಇದ್ದೇವೆ, ಕೆಳಗಿನದನ್ನು ಬಾಡಿಗೆಗೆ ಕೊಡುತ್ತೇವೆ. ಹಿಂದಿದ್ದವರು ಖಾಲಿ ಮಾಡಿದ ಮೇಲೆ ಗೇಟಿಗೆ ಬೋರ್ಡು ಹಾಕಿದ್ದೆವು. ಅದನ್ನು ನೋಡಿಕೊಂಡು ಒಂದು ಸಂಜೆ ಮೀನಾ ಬಂದಳು. ಮಾರ್ಕೆಟ್ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಗಂಡ ನಂದೀಶ್ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್. ಚಾಮರಾಜಪೇಟೆಯಲ್ಲಿ ಮೂರನೆಯ ಮಹಡಿಯಲ್ಲಿದ್ದರು. ಆ ಕಟ್ಟಡವನ್ನು ಸಂಕ್ರಾಂತಿ ಆದ ಮೇಲೆ ಕೆಡವುತ್ತಾರಂತೆ, ಅಷ್ಟರೊಳಗೆ ಎಲ್ಲರೂ ಬಿಡಬೇಕು. ಮಾವ ಆಂಜಿನಯ್ಯನವರಿಗೆ ಮಂಡಿ ಆಪರೇಷನ್ ಆಗಿದೆ.

“ಮೆಟ್ಟಿಲು ಇಳಿಯೋಕಾಗ್ದೆ ಅವರಿಗೆ ಮನೇನೇ ಜೈಲಾಗ್ಬಿಟ್ಟಿದೆಯಮ್ಮ,” ಎಂದಳು ಮೀನಾ. “ನೆಲಮಹಡಿ ಮನೆ ಸಿಕ್ರೆ ಸಾಕು, ಬೇರೇನೂ ಕೇಳಲ್ಲ. ಹುಡುಕೀ ಹುಡುಕೀ ನನ್ನ ಚಪ್ಪಲಿ ಸವೆದೋಯ್ತು.”

ಮನೆಯನ್ನೆಲ್ಲ ನೋಡಿದಳು. ಕಾವಿ ನೆಲವನ್ನು ಕಾಲಲ್ಲಿ ಸವರಿ, “ಎಷ್ಟು ತಣ್ಣಗಿದೆ, ಬೇಸಿಗೆಗೆ ಚೆಂದ,” ಎಂದಳು. ಹಿತ್ತಲಿನ ನಲ್ಲಿ ತಿರುಗಿಸಿದಳು, ಬಚ್ಚಲ ಕಿಟಕಿ ಎಳೆದು ನೋಡಿದಳು. ಮನೆ ನಡೆಸಿ ಗೊತ್ತಿರುವ ಹೆಂಗಸು ಎಂದು ನನಗೆ ಆಗಲೇ ಇಷ್ಟವಾಯಿತು. ಮುಂಗಡ ಕೊಡಲು ಚೀಲಕ್ಕೆ ಕೈ ಹಾಕಿದಳು. ನಾನೇ ಬೇಡ ಎಂದೆ. “ಬಣ್ಣ ಹೊಡೆಸಿ ಬೀಗದ ಕೈ ಕೊಡುವಾಗ ಕೊಡುವೆಯಂತೆ. ಮಾತು ಆಯ್ತಲ್ಲ.” ಅರಿಶಿನ ಕುಂಕುಮ ಕೊಟ್ಟೆ. ಹಾಗೆ ಕೊಟ್ಟು ಕಳಿಸಿದ ಮೇಲೆ ಇನ್ನೊಬ್ಬರಿಗೆ ಮನೆ ತೋರಿಸುವ ಪದ್ಧತಿ ನಮ್ಮ ತವರಿನಲ್ಲಿ ಇರಲಿಲ್ಲ. ಬೋರ್ಡನ್ನೂ ಬಿಚ್ಚಿ ಒಳಗಿಟ್ಟೆ.

ಹೊರಡುವಾಗ ಇವರು ತಮ್ಮ ಪ್ರಶ್ನೆ ಕೇಳಿದ್ದರು. ಆ ಪ್ರಶ್ನೆ ಗೊತ್ತಲ್ಲ ನಿಮಗೆ.

“ನೀವು ಯಾವ ಕಡೆಯವರಮ್ಮ?”

“ಮಾಲೂರ್ ಕಡೆ ಸಾರ್.”

“ಅದು ಸರಿ. ಅಂದ್ರೆ... ಮೂಲತಃ?”

“ಮೂಲತಃನೂ ಮಾಲೂರೇ ಸಾರ್. ನಮ್ಮಾವ ಮಾತ್ರ ಬಂಗಾರಪೇಟೆ.”

“ಓಹೋ. ಬಂಗಾರಪೇಟೆ ಒಳ್ಳೇ ಊರು. ಅಲ್ಲಿ ಯಾರ ಪೈಕಿ...?”

“ರೈಲ್ವೆ ಸ್ಟೇಷನ್ ಹಿಂದ್ಗಡೆ ಸಾರ್,” ಎಂದಳು ಮೀನಾ.

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲವೋ, ಚೆನ್ನಾಗಿ ಅರ್ಥವಾಗಿಯೇ ಹಾಗೆ ಹೇಳಿದಳೋ, ನನಗೆ ಆಗ ತಿಳಿಯಲಿಲ್ಲ. ಒಳಗೆ ಹೋಗಿ ಸೆರಗು ಅಡ್ಡ ಹಿಡಿದು ನಕ್ಕೆ. ಇವರು ಮಾತ್ರ ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನ ಹಿಂದೆ ಯಾರು ಯಾರು ಇರುತ್ತಾರೆ ಎಂದು ಲೆಕ್ಕ ಹಾಕುತ್ತಾ ರಾತ್ರಿ ಊಟ ಮಾಡಿದರು.

ಬಣ್ಣದ ಕೆಲಸಕ್ಕೆ ನಮ್ಮ ಮನೆಗೆ ಯಾವಾಗಲೂ ಬರುವುದು ಓಬಳಪ್ಪ. ಒಬ್ಬನೇ ಬರುತ್ತಾನೆ, ಒಬ್ಬನೇ ಕೆರೆಯುತ್ತಾನೆ, ಒಬ್ಬನೇ ಬಳಿಯುತ್ತಾನೆ, ಬಳಿಯುವಾಗ ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಅವನು ಹಳೆಯ ಬಣ್ಣ ಕೆರೆದು ಮುಗಿಸಿದ ದಿನ ಇವರು ಮೀನಾಳನ್ನು ಕರೆಸಿದರು. ಬಾಡಿಗೆಗೆ ಬರುವವರನ್ನೇ ಬಣ್ಣ ಕೇಳಿ ಹೊಡೆಸುವ ಓನರ್ ಈ ಬೀದಿಯಲ್ಲಿ ತಾವೊಬ್ಬರೇ ಎಂದು ಇವರಿಗೆ ಹೆಮ್ಮೆ. ಬಣ್ಣದ ಕಾರ್ಡು ಹಿಡಿದು ಕೋಣೆ ಕೋಣೆಗೂ ಕರೆದುಕೊಂಡು ಹೋದರು. ಹಾಲಿಗೆ ಕೆನೆ ಬಣ್ಣ, ಮಾವನ ಕೋಣೆಗೆ ತಿಳಿ ಹಸಿರು. ಅಲ್ಲಿಯವರೆಗೆ ಎಲ್ಲ ಸುಸೂತ್ರ.

“ದೇವರ ಮನೆಗೆ ಗಂಧದ ಬಣ್ಣ ಹಾಕಿಸ್ಲೇನಮ್ಮ? ದೀಪ ಹಚ್ಚಿದ್ರೆ ಲಕ್ಷಣವಾಗಿ ಕಾಣತ್ತೆ.”

“ಅಲ್ಲಿಗೆ ಯಾವ ಬಣ್ಣ ಆದ್ರೂ ನಡೆಯತ್ತೆ ಸಾರ್. ನಮ್ಮಾವನ ಪುಸ್ತಕ ತುಂಬಾ ಇವೆ, ಅಲ್ಲಿ ಶೆಲ್ಫ್ ಮಾಡಿಸ್ತೀವಿ. ಬುದ್ಧನ ಫೋಟೊ ಹಾಲಲ್ಲೇ ಹಾಕ್ತೀವಿ, ಬೆಳಕು ಬರೋ ಕಡೆ.”

ಇವರು ಬಣ್ಣದ ಕಾರ್ಡನ್ನು ಮೆಲ್ಲಗೆ ಮಡಿಸಿದರು.

“ಓ, ಬುದ್ಧ. ಒಳ್ಳೇದು. ನಮ್ಮನೆ ಶೋಕೇಸಲ್ಲೂ ಒಂದಿದೆ. ಶಾಂತಿ ಸಿಗತ್ತೆ ನೋಡಿದ್ರೆ.”

“ಹೌದು ಸಾರ್,” ಎಂದಳು ಮೀನಾ. ಇವರ ಮುಖವನ್ನೇ ನೋಡುತ್ತಿದ್ದಳು.

ಓಬಳಪ್ಪ ಎರಡು ಕೋಟ್ ಮುಗಿಸಿದ. ಮನೆ ಹೊಸದಾಗಿ ಕಂಡಿತು. ನಾನು ಕಿಟಕಿಗಳನ್ನೆಲ್ಲ ತೆಗೆದು ಗಾಳಿ ಆಡಲು ಬಿಟ್ಟೆ. ಬೆಳಗ್ಗೆ ಮಂಜು ಇದ್ದರೂ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಮೀನಾ ಫೋನ್ ಮಾಡಿದಾಗ ಇವರೇ ಮಾತಾಡಿದರು. “ಪೇಂಟ್ ಇನ್ನೂ ಒಣಗಿಲ್ಲಮ್ಮ. ಚಳಿ ಅಲ್ವಾ? ನೋಡೋಣ, ಇನ್ನೊಂದ್ ವಾರ ಬಿಟ್ಟು ಮಾಡಿ.” ಅವತ್ತು ಅದು ನಿಜವೇ ಆಗಿತ್ತು.

ವಾರ ಕಳೆಯಿತು. ಅವತ್ತು ಬೆಳಗ್ಗೆ ನೋಡಿದರೆ ಓಬಳಪ್ಪ ಮತ್ತೆ ಕೆಳಗೆ ಏಣಿ ಹಾಕಿದ್ದಾನೆ. ಹಾಲಿನ ಗೋಡೆ ಸ್ವಲ್ಪ ಮಸುಕು ಕಾಣುತ್ತದಂತೆ, ಇನ್ನೊಂದು ಕೋಟ್ ಬೇಕಂತೆ. ನನಗೆ ಎಲ್ಲಿಯೂ ಮಸುಕು ಕಾಣಲಿಲ್ಲ. ಇವರ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಎಲ್ಲವೂ ಹೆಚ್ಚೇ ಕಾಣುತ್ತದೆ ಎಂದುಕೊಂಡು ಸುಮ್ಮನಾದೆ. ಸಂಜೆ ಮೀನಾಳ ಫೋನ್ ಬಂತು.

“ಇವತ್ತು ಬೆಳಗ್ಗೆ ತಾನೇ ಇನ್ನೊಂದ್ ಕೋಟ್ ಹೊಡೆಸಿದೀನಮ್ಮ. ಹಸಿ ಇದೆ. ಸಾಮಾನು ತಂದ್ರೆ ಎಲ್ಲಾ ಮೆತ್ಕೊಂಡ್ಬಿಡತ್ತೆ,” ಎಂದರು. ಫೋನ್ ಇಟ್ಟು ತಮ್ಮಷ್ಟಕ್ಕೆ ತಾವೇ ಸಣ್ಣಗೆ ನಕ್ಕರು.

ಆ ನಗುವನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಪದಬಂಧದಲ್ಲಿ ಕಷ್ಟದ ಪದ ಹೊಳೆದಾಗ ಹಾಗೆ ನಗುತ್ತಾರೆ.

ಮುಂದಿನ ವಾರ ತಿಳಿ ಹಸಿರು ಸರಿಯಿಲ್ಲವೆಂದು ಆ ಕೋಣೆಗೆ ತಿಳಿ ನೀಲಿ ಬಂತು. ಅದರ ಮುಂದೆ, ನೀಲಿಗೆ ಹೊಂದುವುದಿಲ್ಲವೆಂದು ಹಾಲಿಗೆ ಮತ್ತೊಂದು ಕೋಟ್. ಮೀನಾ ಫೋನ್ ಮಾಡುವುದು ಅವಳ ರಜಾ ದಿನ. ಅದಕ್ಕೆ ಸರಿಯಾಗಿ ಓಬಳಪ್ಪನ ಡಬ್ಬಗಳು ಗೇಟಿನೊಳಗೆ ಬರುತ್ತಿದ್ದವು.

ಒಂದು ಮಧ್ಯಾಹ್ನ ನಾನು ಜಗಲಿಯ ಬಿಸಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಓಬಳಪ್ಪ ಬ್ರಷ್ ತೊಳೆದುಕೊಂಡು ಬಂದು ಮಹಡಿ ಮೆಟ್ಟಿಲ ಮೇಲೆ ಕುಕ್ಕರಿಸಿದ.

“ಅಮ್ಮಾವ್ರೆ, ತಪ್ಪು ತಿಳೀಬೇಡಿ. ಇದೇನು ಗೋಡೆನಾ, ಚಿರೋಟಿನಾ? ಪದರದ ಮೇಲೆ ಪದರ, ಪದರದ ಮೇಲೆ ಪದರ. ಸಾರ್ ಕೂಲಿ ಕೊಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಎದುರುಗಡೆ ಮನೆಯೋರು ಕೇಳ್ತಾರೆ, ಏನಪ್ಪಾ ಓಬಳಪ್ಪ, ನೀನ್ ಬಳಿದಿದ್ದು ನಿಲ್ಲಲ್ವಾ ಅಂತ. ನನ್ನ ಹೆಸರು ಹಾಳಾಗ್ತೈತೆ.”

“ನಾನು ಹೇಳ್ತೀನಿ ಬಿಡಪ್ಪ,” ಎಂದೆ. ಒಂದು ಲೋಟ ಕಾಫಿ ಕೊಟ್ಟು ಕಳಿಸಿದೆ.

ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ಕೇಳಿಯೇಬಿಟ್ಟೆ. “ಏನು ನಡೀತಿದೆ ಕೆಳಗೆ? ಆ ಹುಡುಗಿಗೆ ಮನೆ ಕೊಡೋ ಮನಸ್ಸಿಲ್ಲ ತಾನೇ ನಿಮಗೆ?”

“ಹಾಗಂತ ನಾನೆಲ್ಲಿ ಹೇಳಿದೆ ಶೈಲಾ?”

“ಮತ್ತೆ ಇದೆಲ್ಲಾ?”

“ಪೇಂಟ್ ಒಣಗಿಲ್ಲ ಅಂದೆ. ಸುಳ್ಳು ಹೇಳಿದ್ನಾ? ಹೋಗಿ ಮುಟ್ಟಿ ನೋಡು, ಹಸಿ ಇದೆ.”

ಹುಳಿಯ ಸೌಟು ನನ್ನ ಕೈಯಲ್ಲೇ ನಿಂತಿತು. ಸುಳ್ಳು ಹೇಳಬಾರದೆಂದು, ಹೇಳಿದ ಮಾತು ನಿಜವಾಗಿರಲೆಂದು, ಈ ಮನುಷ್ಯ ಗೋಡೆಗಳನ್ನು ಹಸಿಯಾಗಿ ಇಡಿಸುತ್ತಿದ್ದಾರೆ! ಮಂಡಿ ನೋವಿನ ಮುದುಕರೊಬ್ಬರು ಮೂರನೆಯ ಮಹಡಿಯಲ್ಲಿ ಕೂತು ನಮ್ಮ ಗೋಡೆ ಒಣಗಲಿ ಎಂದು ಕಾಯುತ್ತಿದ್ದಾರೆ.

“ಇಷ್ಟ ಇಲ್ಲದಿದ್ರೆ ನೇರವಾಗಿ ಇಲ್ಲ ಅನ್ನಬಹುದಿತ್ತಲ್ಲ?”

“ಥೂ, ಮುಖದ ಮೇಲೆ ಹೇಳೋಕಾಗತ್ತಾ? ಅವರಿಗೆ ನೋವಾಗಲ್ವಾ? ಈ ಕಾಲದಲ್ಲಿ ಅಂಥವರಿಗೆ ಹಾಗೆಲ್ಲಾ ಹೇಳಿದ್ರೆ ಕೇಸು ಬೇರೆ. ನಾಲ್ಕು ಸಲ ಕೇಳ್ತಾರೆ, ತಾವೇ ಅರ್ಥ ಮಾಡ್ಕೊಂಡು ಬೇರೆ ಕಡೆ ನೋಡ್ಕೋತಾರೆ. ಯಾರ ಮನಸ್ಸಿಗೂ ನೋವಿಲ್ಲ.”

“ಹಿಂದಿದ್ದವರು ಪ್ರತಿ ಭಾನುವಾರ ಕೋಳಿ ಬೇಯಿಸ್ತಿದ್ರು. ಆಗ ಕಿಟಕಿ ಮುಚ್ಕೊಂಡು ಸುಮ್ಮನೆ ಇದ್ರಲ್ಲ?”

“ಅವರ ವಿಷಯ ಬೇರೆ.”

“ಏನು ಬೇರೆ?”

ಇವರು ಮಜ್ಜಿಗೆ ಕೇಳಿದರು.

ನಮ್ಮ ಈ ಹಳೇ ಬಡಾವಣೆಗಳಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ, ನೋಡಿ. ಹುಡುಗಿ ಒಪ್ಪಿಗೆಯಾಗದಿದ್ದರೆ ಜಾತಕ ಕೂಡಿಬರಲಿಲ್ಲ. ಚಂದಾ ಕೊಡಲು ಇಷ್ಟವಿಲ್ಲದಿದ್ದರೆ ಯಜಮಾನರು ಊರಲ್ಲಿಲ್ಲ. ಮನೆ ಕೊಡಲು ಮನಸ್ಸಿಲ್ಲದಿದ್ದರೆ ಅಣ್ಣನ ಮಗ ಬರುತ್ತಾನಂತೆ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇದಕ್ಕೆ ನಾವು ಸಂಭಾವಿತತನ ಎಂದು ಹೆಸರಿಟ್ಟುಕೊಂಡಿದ್ದೇವೆ. ಕಪಾಳಕ್ಕೆ ಹೊಡೆದು ಕೈ ಮುಗಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನನಗೆ ಆ ರಾತ್ರಿ ತಿಳಿಯಲಿಲ್ಲ.

ಅದಾದ ಎರಡು ದಿನಕ್ಕೆ, ಬೆಳಗ್ಗೆ, ನಾನು ದೇವಸ್ಥಾನದಿಂದ ಧನುರ್ಮಾಸದ ಹುಗ್ಗಿ ಪ್ರಸಾದ ತಂದಿಟ್ಟೆ, ಇವರು ಸ್ನಾನಕ್ಕೆ ಹೋಗಿದ್ದರು. ಮೇಜಿನ ಮೇಲಿದ್ದ ಇವರ ಫೋನ್ ಹೊಡೆದುಕೊಂಡಿತು. ಮೀನಾಳ ಹೆಸರು. ತೆಗೆದೆ.

“ಅಮ್ಮಾ, ನೀವಾ? ಚೆನ್ನಾಗಿದೀರಾ? ಪೇಂಟ್ ಒಣಗ್ತಾ ಅಂತ ಕೇಳೋಣ ಅಂತ ಮಾಡ್ದೆ.”

ಇನ್ನೇನು ನನ್ನ ಬಾಯಲ್ಲೂ ಚಳಿ, ಮಂಜು, ಮೋಡ ಎಂದು ಬರುವುದರಲ್ಲಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

“ಒಣಗಿ ಬಹಳ ದಿನ ಆಯ್ತಮ್ಮ,” ಎಂದೆ. “ನಮ್ಮನೆಯವರು ಮತ್ತೆ ಮತ್ತೆ ಹಸಿ ಮಾಡಿಸ್ತಿದಾರೆ.”

ಆ ಕಡೆ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು.

“ಗೊತ್ತಿತ್ತಮ್ಮ.”

“ಗೊತ್ತಿತ್ತಾ? ಮತ್ಯಾಕೆ ವಾರ ವಾರ ಫೋನ್ ಮಾಡ್ತಿದ್ದೆ ತಾಯಿ?”

“ಇಲ್ಲ ಅನ್ನಿಸೋಣ ಅಂತ. ಈ ಆರ್ ತಿಂಗಳಲ್ಲಿ ಎಷ್ಟೋ ಮನೆ ನೋಡಿದೀನಿ. ಒಬ್ರೂ ಇಲ್ಲ ಅಂದಿಲ್ಲಮ್ಮ. ಒಬ್ರ ಮನೇಲಿ ಬೋರ್ ಕೆಟ್ಟಿದೆ, ಒಬ್ರ ಮನೇಗೆ ಅಣ್ಣನ ಮಗ ಬರ್ತಾನೆ. ಇಲ್ಲ ಅಂದ್ರೆ ಯಾಕಿಲ್ಲ ಅಂತ ನಿಂತ್ಕೊಂಡು ಜಗಳ ಆಡ್ಬಹುದು. ಒಣಗಿಲ್ಲ ಅಂದ್ರೆ ಯಾರ ಹತ್ರ ಜಗಳ ಆಡ್ಲಿ, ಗೋಡೆ ಹತ್ರಾನಾ? ನೀವು ಕುಂಕುಮ ಕೊಟ್ರಲ್ಲ, ಅವತ್ತು ಮನೇಗ್ ಹೋಗಿ ನಮ್ಮಾವಂಗೆ ಹೇಳ್ದೆ, ಈ ಸಲ ಸಿಕ್ತು ಅಂತ. ಅವರು ಊರುಗೋಲಿಗೆ ಹೊಸ ರಬ್ಬರ್ ಹಾಕಿಸ್ಕೊಂಡು ಕೂತಿದಾರೆ.”

ಅವಳ ದನಿ ಏರಲೇ ಇಲ್ಲ. ಅದೇ ನನಗೆ ಚುಚ್ಚಿತು.

“ಮೀನಾ, ನಾಡಿದ್ದು ಸಾಮಾನು ತಗೊಂಡ್ ಬಂದ್ಬಿಡಿ. ಧನುರ್ಮಾಸ ಕಳೀಲಿ ಅನ್ನೋದು ನಿಮ್ಮಲ್ಲಿ ಇದ್ರೆ ಮಾತ್ರ ಹೇಳು.”

“ನಮಗೆ ಧನುರ್ಮಾಸ ಇಲ್ಲಮ್ಮ.” ಆಮೇಲೆ ಕೇಳಿದಳು, “ಸಾರ್ ಒಪ್ತಾರಾ?”

“ಇಲ್ಲ.”

“ಹ್ಞಾ, ಇದು ಮಾತು,” ಎಂದಳು. ನಕ್ಕಳೋ ಏನೋ, ಬಸ್ಸಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

ಇವರು ಬಚ್ಚಲಿಂದ ಬಂದು ತಲೆ ಒರೆಸಿಕೊಳ್ಳುತ್ತಿರುವಾಗಲೇ ಹೇಳಿದೆ. ಒದ್ದೆ ಟವಲು ಹಿಡಿದು ನಿಂತುಬಿಟ್ಟರು.

“ನನ್ನನ್ನ ಒಂದ್ ಮಾತು ಕೇಳ್ದೆ?”

“ಅವಳ ಕೈಲಿ ನೀವು ವಾರ ವಾರ ಕೇಳಿಸಿದ್ದು ಸಾಕು.”

“ಶೈಲಾ, ಧನುರ್ಮಾಸದಲ್ಲಿ ಯಾರಾದ್ರೂ ಮನೆ ಹೊಗ್ತಾರೇನೇ? ಆ ಮಕ್ಕಳಿಗೆ ಒಳ್ಳೇದಾಗಲ್ಲ. ಅವರ ಒಳ್ಳೇದಕ್ಕೇ ಹೇಳ್ತಿದೀನಿ, ಸಂಕ್ರಾಂತಿ ಕಳೀಲಿ...”

“ಸಂಕ್ರಾಂತಿ ಕಳೆದ್ರೆ ಅವರು ರಸ್ತೇಲಿ ಇರ್ತಾರೆ. ಅದು ನಿಮಗೂ ಗೊತ್ತು, ಅದಕ್ಕೇ ಎಳೀತಿದೀರಿ. ಅವರ ಒಳ್ಳೇದನ್ನ ಅವರು ನೋಡ್ಕೋತಾರೆ.”

“ಬೀದೀಲಿ ಏನಂತಾರೆ?”

“ಬೀದೀಲಿ ಯಾರೂ ಏನೂ ಅನ್ನಲ್ಲ. ಅನ್ನೋ ಧೈರ್ಯ ಇದ್ದಿದ್ರೆ ನೀವೂ ಅಂತಿದ್ರಿ.”

ಆಗ ಅವರು ಎಂದೂ ಆಡದ ಮಾತು ಆಡಿದರು. “ಈ ಮನೆ ಯಜಮಾನ ನಾನು.”

ನಾನೂ ಎಂದೂ ಆಡದ ಮಾತು ಆಡಿದೆ. “ಯಜಮಾನರು ನೀವೇ. ಮನೆ ನಂದು.”

ಮದುವೆಯಾದಾಗಿನಿಂದ ಆ ಮಾತನ್ನು ನುಂಗಿಕೊಂಡು ಬಂದಿದ್ದೆ. ಆಡಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಅವರ ಮುಖ ಸುಣ್ಣವಾಯಿತು. ಹುಗ್ಗಿಯ ದೊನ್ನೆ ಮೇಜಿನ ಮೇಲೆ ಹಾಗೇ ಆರಿತು. ಅಷ್ಟರಲ್ಲಿ ಗೇಟಿನಲ್ಲಿ ಓಬಳಪ್ಪನ ಡಬ್ಬದ ಸದ್ದು. “ಸಾರ್, ಇವತ್ತೂ ಬಳೀಬೇಕಾ?” ಎಂದು ಕೆಳಗಿಂದ ಕೂಗಿದ. ನಾನು ಬಾಲ್ಕನಿಯಿಂದ ಬಗ್ಗಿದೆ. “ಬೇಡಪ್ಪ. ನೆಲದ ಮೇಲೆ ಚುಕ್ಕೆ ಬಿದ್ದಿವೆಯಲ್ಲ, ಕೆರೆದು ಒರೆಸಿಕೊಡು. ನಾಡಿದ್ದು ಬರ್ತಾರೆ.” ಅವನು ಆಕಾಶಕ್ಕೆ ಕೈ ಮುಗಿದ.

ಮಧ್ಯಾಹ್ನ ಇವರು ಸಣ್ಣ ಚೀಲಕ್ಕೆ ಎರಡು ಪಂಚೆ ಹಾಕಿಕೊಂಡರು. ಮಲ್ಲೇಶ್ವರದ ತಂಗಿಗೆ ಫೋನ್ ಮಾಡುತ್ತಿದ್ದುದು ನನಗೆ ಕೇಳಿಸಿತು. “ಮನೇಲಿ ಪೇಂಟ್ ವಾಸನೆ ಕಣೇ. ತಲೆ ಸಿಡೀತಿದೆ. ನಾಲ್ಕು ದಿನ ಅಲ್ಲೇ ಇರ್ತೀನಿ.” ಹೌದು, ಅದೂ ಸುಳ್ಳಲ್ಲ. ಅಷ್ಟು ಬಳಿಸಿದ ಮೇಲೆ ವಾಸನೆ ಇರದೆ ಇರುತ್ತದೆಯೇ?

ಮೀನಾಳ ಸಾಮಾನು ಎರಡು ಟೆಂಪೊಗಳಲ್ಲಿ ಬಂತು. ನಂದೀಶ್ ಮಂಚ ಇಳಿಸಿದ, ಮೀನಾ ಪಾತ್ರೆಯ ಮೂಟೆಗಳನ್ನು ತಾನೇ ಎಣಿಸಿ ಒಳಗಿಟ್ಟಳು. ಆಂಜಿನಯ್ಯನವರು ಆಟೋದಿಂದ ಇಳಿದು, ಊರುಗೋಲು ಊರಿ, ಒಂದೂ ಮೆಟ್ಟಿಲು ಹತ್ತದೆ ಹಾಲಿಗೆ ಬಂದು ನಿಂತರು. ಸುತ್ತ ನೋಡಿದರು. ಗೋಡೆಯ ಮೇಲೆ ಕೈ ಆಡಿಸಿದರು.

“ಏನಮ್ಮಾ, ಇಷ್ಟು ದಪ್ಪ ಬಳಿಸಿದೀರಿ! ಮೊಳೆ ಹೊಡೆದ್ರೆ ಗೋಡೆ ಸಿಗತ್ತಾ ಒಳಗೆ?”

ನಾನು ನಕ್ಕೆ. ಮೀನಾ ನಗಲಿಲ್ಲ. ಕಾಫಿ ತಂದುಕೊಟ್ಟೆ. ಮಾವ ಕುಡಿದರು, ನಂದೀಶ್ ನಿಂತೇ ಕುಡಿದ. ಅವಳ ಲೋಟ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು.

“ಅಮ್ಮಾ, ಬೇಜಾರ್ ಮಾಡ್ಕೋಬೇಡಿ,” ಎಂದಳು. “ನೀವು ಒಳ್ಳೆಯವರು ಅಂತ ನಾನು ಬಂದಿಲ್ಲ. ನಂಗೆ ಮನೆ ಬೇಕು, ಅದಕ್ಕೆ ಬಂದಿದೀನಿ. ನೀವೂ ಅಷ್ಟು ವಾರ ನೋಡ್ಕೊಂಡು ಸುಮ್ನೆ ಇದ್ರಿ.”

“ಇದ್ದೆ,” ಎಂದೆ. ಬೇರೆ ಏನು ಹೇಳಲಿ? ಆ ಕಾಫಿ ಆರುತ್ತಿದ್ದುದನ್ನು ನೋಡಿ ನನಗೆ ಅವಳ ಮೇಲೆ ಕೋಪ ಬರಲಿಲ್ಲ.

ಇವರು ನಾಲ್ಕು ದಿನ ಎಂದವರು, ಸಾಮಾನು ಬಂದ ಮರುದಿನ ಸಂಜೆಗೇ ವಾಪಸು ಬಂದರು. ತಂಗಿಯ ಮನೆಯಲ್ಲಿ ಹಾಸಿಗೆ ಆಗಿಬರುವುದಿಲ್ಲ ಇವರಿಗೆ. ನಾನು ಮೇಲಿಂದ ನೋಡುತ್ತಿದ್ದೆ. ಕೆಳಗೆ ದೀಪ ಹತ್ತಿತ್ತು. ಆಂಜಿನಯ್ಯನವರು ಮಫ್ಲರ್ ಸುತ್ತಿಕೊಂಡು ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದವರು ಎದ್ದು ನಿಲ್ಲಲು ಹೋದರು.

“ಬನ್ನಿ ಸಾರ್, ಬನ್ನಿ ಬನ್ನಿ.”

“ಅಯ್ಯೋ, ಕೂತ್ಕೊಳಿ, ಏಳಬೇಡಿ,” ಎಂದರು ಇವರು. ಅಭ್ಯಾಸ ಎಲ್ಲಿ ಹೋಗುತ್ತದೆ? “ಎಲ್ಲಾ ಅನುಕೂಲವಾಗಿದೆಯಾ? ನೀರು ಸರಿಯಾಗಿ ಬರ್ತಿದೆಯಾ?”

ಮೀನಾ ಬಾಗಿಲಿಗೆ ಬಂದಳು.

“ಎಲ್ಲಾ ಸರಿ ಇದೆ ಸಾರ್. ಒಂದ್ ಮಾತು ಕೇಳ್ಲಾ? ನಾವು ಬರೋದು ನಿಮಗೆ ಇಷ್ಟ ಇರ್ಲಿಲ್ಲ, ಅಲ್ವಾ?”

“ಛೆ ಛೆ, ಹಾಗೇನಿಲ್ಲಮ್ಮ. ಪೇಂಟು...”

“ಇರ್ಲಿಲ್ಲ ಸಾರ್. ಇರ್ಲಿಲ್ಲ ಅಂತ ಒಂದ್ ಸಲ ಹೇಳ್ಬಿಡಿ. ನಾನು ಏನೂ ಮಾಡಲ್ಲ, ಕೇಸೂ ಹಾಕಲ್ಲ. ಬೆಳಗ್ಗೆ ಸಾಯಂಕಾಲ ಮುಖ ನೋಡ್ಬೇಕಲ್ಲ ನಾವು.”

ಇವರು ಚೀಲವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು. ಆಂಜಿನಯ್ಯನವರು ರಸ್ತೆಯ ಕಡೆ ತಿರುಗಿಕೊಂಡರು. ಇವರ ತುಟಿ ಅಲುಗಿದ್ದು ನನಗೆ ಕಂಡಿತು. ಏನು ಹೇಳಿದರೋ, ಅಥವಾ ಹೇಳಲೇ ಇಲ್ಲವೋ, ಮೇಲಕ್ಕೆ ಕೇಳಿಸಲಿಲ್ಲ. ಮೀನಾ ಮಾತ್ರ ತಲೆಯಾಡಿಸಿ, “ಸರಿ ಸಾರ್,” ಎಂದು ಒಳಗೆ ಹೋದಳು.

ಮೇಲೆ ಬಂದವರು ಚಪ್ಪಲಿ ಬಿಡುತ್ತಲೇ ಶುರು ಮಾಡಿದರು.

“ಎಷ್ಟು ಒರಟು ನೋಡು ಶೈಲಾ. ದೊಡ್ಡವರ ಹತ್ರ ಹಾಗೆ ಮುಖಕ್ಕೆ ಹೊಡೆದ ಹಾಗೆ ಕೇಳ್ತಾರಾ?”

“ಏನಂದ್ರಿ ಅವಳಿಗೆ?”

“ಏನನ್ನಲಿ? ಆ ಥರ ಕೇಳಿದ್ರೆ ಯಾರಿಗಾದ್ರೂ ಉತ್ತರ ಕೊಡೋಕಾಗತ್ತಾ?” ಕುರ್ಚಿಯಲ್ಲಿ ಕೂತು ಪೇಪರ್ ತೆಗೆದುಕೊಂಡರು. “ಊಟಕ್ಕೆ ಹಾಕು.”

“ಹಿದುಕಿದ ಬೇಳೆ ಹುಳಿ ಒಲೆ ಮೇಲಿದೆ. ಬಿಸಿ ಮಾಡ್ಕೊಂಡು ಬಡಿಸ್ಕೊಳಿ,” ಎಂದೆ.

ಕೆಳಗೆ ಮೀನಾ ಪರದೆ ಕಟ್ಟುತ್ತಿದ್ದಳು. ನಂದೀಶ್ ಡ್ಯೂಟಿಗೆ ಹೋಗಿದ್ದ, ಕಂಬಿಯ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ನಾನು ಹೋಗಿ ಹಿಡಿದೆ. ಅವಳು ಸ್ಟೂಲಿನ ಮೇಲಿಂದ, “ಸ್ವಲ್ಪ ಮೇಲೆತ್ತಿ. ಇನ್ನೂ ಸ್ವಲ್ಪ,” ಎಂದಳು.